ಗಣಿತಸಾರಸಂಗ್ರಹದ ಇಬ್ಬಗೆಯ ಓದುಗರು

ಭಗವಜ್ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿದೇವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ವಿದ್ಯೆಯನ್ನು ಉಪದೇಶಿಸುವ ಪ್ರಸಂಗವು ಸುಪ್ರಸಿದ್ಧವಾದುದು. ಬ್ರಾಹ್ಮಿಗೆ ಬಲಗೈಯಿಂದ ಲಿಪಿಯನ್ನೂ, ಸುಂದರಿಗೆ ಎಡಗೈಯಿಂದ ಅಂಕಗಳನ್ನೂ ಬರೆದು ತೋರಿಸಿದನೆಂಬ ಸಂಪ್ರದಾಯವು ಅಂಕಗಳು ಎಡಕ್ಕೆ ನಡೆಯುತ್ತವೆಂಬ ಗಣಕರ ನಿಯಮಕ್ಕೆ ಪೌರಾಣಿಕವಾದ ಒಂದು ಕಾರಣವನ್ನು ಒದಗಿಸುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಗಣಿತದ ಮೊದಲ ಶಿಷ್ಯೆ ಒಬ್ಬ ಬಾಲೆ. ಪಾಠವು ನಡೆದುದು ತಂದೆಯ ಮಗ್ಗುಲಿನಲ್ಲಿ. ಆದರೆ ಆ ಕಥೆಯನ್ನು ಓದುವವರು ಪ್ರೌಢರು. ಜಿನಸೇನರು ಈ ಪುರಾಣವನ್ನು ರಚಿಸುತ್ತಿದ್ದುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ. ಅದೇ ಅರಸನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಗ್ರಂಥದೊಳಗೆ ಕಾಲನಿರ್ದೇಶವಿಲ್ಲ. ಪ್ರಾರಂಭದಲ್ಲಿ ಬರುವ ಅಮೋಘವರ್ಷನ ಸ್ತುತಿಯೇ ಕಾಲನಿರ್ಣಯಕ್ಕೆ ಆಧಾರ.

ಈ ಗ್ರಂಥವು ಯಾರಿಗಾಗಿ ಹುಟ್ಟಿತು ಎಂಬ ಪ್ರಶ್ನೆಗೆ ವಿದ್ವಾಂಸರು ಸಾಮಾನ್ಯವಾಗಿ ನೀಡಿರುವ ಉತ್ತರವೆಂದರೆ, ಇದು ವಿದ್ಯಾರ್ಥಿಗಳ ಪಠ್ಯ ಎಂಬುದು. ಈ ಉತ್ತರವು ಸುಳ್ಳಲ್ಲ, ಆದರೆ ಅಪೂರ್ಣ. ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳುಳ್ಳ, ಒಂಬತ್ತು ಅಧಿಕಾರಗಳಾಗಿ ವಿಭಕ್ತವಾಗಿರುವ ಈ ಕೃತಿಯನ್ನು ಮೊದಲಿನಿಂದ ಕಡೆಯವರೆಗೆ ಓದಿದವರಿಗೆ, ಅದರೊಳಗೆ ಇಬ್ಬರು ಓದುಗರು ಜತೆಜತೆಯಾಗಿ ಕುಳಿತಿರುವುದು ಕಾಣುತ್ತದೆ: ಒಬ್ಬನು ಲೆಕ್ಕವನ್ನು ಕಲಿಯಬಂದ ಬಾಲಕ, ಇನ್ನೊಬ್ಬನು ಲೆಕ್ಕವನ್ನು ಆಗಲೇ ಬಲ್ಲ, ಅದನ್ನು ಓದಿ ಸುಖಿಸಬಂದ ಪ್ರೌಢ. ಗ್ರಂಥದ ಆದಿಯಲ್ಲಿರುವ ಗಣಿತಪ್ರಶಂಸೆಯು ಬಹುಮಟ್ಟಿಗೆ ಎರಡನೆಯವನನ್ನು ಉದ್ದೇಶಿಸಿದುದು. ಲೌಕಿಕ, ವೈದಿಕ, ಸಾಮಯಿಕ ವ್ಯಾಪಾರಗಳಲ್ಲಿ ಮಾತ್ರವಲ್ಲದೆ ಅರ್ಥಶಾಸ್ತ್ರ, ಸಂಗೀತ, ನಾಟಕ, ಸೂಪಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣಗಳಲ್ಲಿಯೂ ಗಣಿತವು ವ್ಯಾಪಿಸಿಕೊಂಡಿದೆಯೆಂದು ಅಲ್ಲಿ ಪ್ರತಿಪಾದಿತವಾಗಿದೆ. ಮಗ್ಗಿಯನ್ನು ಬಾಯಿಪಾಠ ಮಾಡುವ ಹುಡುಗನಿಗೆ ಸೂಪಶಾಸ್ತ್ರ, ಅಲಂಕಾರಗಳ ಈ ಮಾತು ಬೇಕಿಲ್ಲ. ಆಸ್ಥಾನದಲ್ಲಿ ಕುಳಿತು ಗಣಿತವನ್ನು ವರ್ತಕರ ವಿದ್ಯೆಯೆಂದು ಲಘುವಾಗಿ ಕಾಣುತ್ತಿದ್ದಿರಬಹುದಾದ ಕವಿಗೆ, ವೈಯಾಕರಣನಿಗೆ ಬೇಕಾದುದು ಅದು.

ಬಾಲಕನಾದರೂ ತೀರ ಎಳೆಯವನಲ್ಲ. ಪರಿಕರ್ಮ ವ್ಯವಹಾರದಲ್ಲಿ ಹೇಳಿರುವ ಎಂಟು ಕರ್ಮಗಳು ಗುಣಾಕಾರದಿಂದ ತೊಡಗುತ್ತವೆ. ಭಾಗಾಹಾರ, ವರ್ಗ, ವರ್ಗಮೂಲ, ಘನ, ಘನಮೂಲಗಳು ಕ್ರಮವಾಗಿ ಬಂದು ಕೊನೆಗೆ ಶ್ರೇಢಿಗಳ ಸಂಕಲಿತ, ವ್ಯುತ್ಕಲಿತಗಳು ಬರುತ್ತವೆ. ಸಾಮಾನ್ಯವಾದ ಕೂಡುವಿಕೆ, ಕಳೆಯುವಿಕೆಗಳಿಗೆ ಇಲ್ಲಿ ಸ್ಥಳವೇ ಇಲ್ಲ. ಅವನ್ನು ಮನೆಯಲ್ಲಿಯೋ ಮಠದಲ್ಲಿಯೋ ಮರಳಿನ ಮೇಲೆ ತಿದ್ದಿ ಕಲಿತು ಬಂದವನೇ ಈ ಗ್ರಂಥಕ್ಕೆ ಅಧಿಕಾರಿ. ಸಂಖ್ಯಾಸ್ಥಾನಗಳ ಹೆಸರುಗಳನ್ನು ಮಾತ್ರ ಆಚಾರ್ಯನು ಬಿಟ್ಟಿಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾನೆ. ಇತರ ಗಣಕರು 18 ಸ್ಥಾನಗಳಿಗೆ ನಿಲ್ಲಿಸಿದ್ದುಂಟು. ತೀರ್ಥಂಕರರ ಸಂಖ್ಯೆಯೊಡನೆ ಈ 24 ಹೊಂದಿಕೊಳ್ಳುವುದನ್ನು ಕೆಲವರು ಎತ್ತಿ ತೋರಿಸಿದ್ದಾರೆ. ಗ್ರಂಥಕಾರನು ತಾನಾಗಿ ಹಾಗೆ ಹೇಳಿಲ್ಲವಾದುದರಿಂದ ಅದನ್ನು ಊಹೆಯೆಂದೇ ಇರಿಸಿಕೊಳ್ಳುವುದು ಲೇಸು.

ಗುಣಾಕಾರದ ಮೊದಲ ಉದಾಹರಣೆಗಳನ್ನು ನೋಡಿದರೆ ಬಾಲಕನು ಯಾವ ಮನೆಯಿಂದ ಬಂದವನೆಂಬುದು ತಿಳಿಯುತ್ತದೆ. ಒಂದೊಂದು ಜಿನಾಲಯಕ್ಕೆ 8 ತಾವರೆಗಳಂತೆ 144 ಜಿನಾಲಯಗಳಿಗೆ ಎಷ್ಟು ಎಂಬುದು ಮೊದಲ ಪ್ರಶ್ನೆ. 1152 ಎಂಬುದು ಉತ್ತರ. ಒಂದು ಜಿನಾಲಯದ ಅರ್ಚನೆಗೆ 9 ಪದ್ಮರಾಗಮಣಿಗಳಾದರೆ 288 ಜಿನಾಲಯಗಳಿಗೆಷ್ಟು ಎಂಬುದು ಮುಂದಿನದು, ಅಲ್ಲಿಗೆ 2592. ಅನಂತರ 139 ಪುಷ್ಯರಾಗಗಳು, 109 ಜಿನಾಲಯಗಳು. ಬಸದಿಯಲ್ಲಿ ದಿನವೂ ಹೂವೇರಿಸುವುದನ್ನು ಕಂಡ ಹುಡುಗನಿಗೆ ಈ ಲೆಕ್ಕಗಳಲ್ಲಿ ಅಪರಿಚಿತವಾದುದೊಂದೂ ಇಲ್ಲ. ತಾವರೆಯು ಮಣಿಯಾಗುತ್ತದೆ, ಅಂಕಗಳು ಒಂದೊಂದಾಗಿ ಬೆಳೆಯುತ್ತವೆ, ಹುಡುಗನು ತನಗೆ ಅರಿವಿಲ್ಲದಂತೆ ಮೂರಂಕಿಯ ಗುಣಾಕಾರಕ್ಕೆ ಬಂದಿರುತ್ತಾನೆ. ಮೂರನೆಯ ಲೆಕ್ಕದ ಫಲವನ್ನು ಬರೆದಾಗ ಅವನಿಗೊಂದು ಬೆರಗು ಕಾದಿದೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ.

ಇಲ್ಲಿಂದ ಮುಂದೆ ಆಚಾರ್ಯನು ಹಾರಗಳನ್ನು ಪೋಣಿಸತೊಡಗುತ್ತಾನೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂತಹ ಫಲಗಳನ್ನು ಅವನು ಅರಸರ ಕಂಠಾಭರಣಗಳೆಂಬಂತೆ ವರ್ಣಿಸುತ್ತಾನೆ. ಅಂಕಗಳು ಎಡಕ್ಕೆ ನಡೆಯುತ್ತವೆಂದು ಕಲಿತ ಹುಡುಗನ ಮುಂದೆ ಯಾವ ಕಡೆಗೆ ನಡೆದರೂ ಬದಲಾಗದ ಸಂಖ್ಯೆಯನ್ನು ಇರಿಸುವುದು ಬೋಧಕನೊಬ್ಬನ ವಿನೋದ. ಆದರೆ ಈ ವಿನೋದದಿಂದ ಗ್ರಂಥಸಂಪಾದಕರಿಗೆ ಆಗಿರುವ ಉಪಕಾರವು ಸಾಮಾನ್ಯವಾದುದಲ್ಲ.

ಓಲೆಯ ಪ್ರತಿಗಳನ್ನು ಕಂಡವರಿಗೆಲ್ಲ ತಿಳಿದಿರುವಂತೆ, ಕಾವ್ಯದಲ್ಲಿ ಒಂದು ಅಕ್ಷರವು ತಪ್ಪಿದರೆ ಛಂದಸ್ಸೋ ಅರ್ಥವೋ ಕೂಗಿ ಹೇಳುತ್ತದೆ. ಅಂಕದಲ್ಲಿ ತಪ್ಪಿದರೆ ಹೇಳುವವರಿಲ್ಲ. 7ರ ಸ್ಥಾನದಲ್ಲಿ 9 ನಿಂತರೂ ಸಾಲು ಸಾಲಾಗಿಯೇ ಕಾಣುತ್ತದೆ. ಹಾರಗಣಿತದ ಉದಾಹರಣೆಗಳಲ್ಲಿ ಮಾತ್ರ ಫಲವೇ ಪಾಠವನ್ನು ಪರೀಕ್ಷಿಸುತ್ತದೆ. 12345679ರಲ್ಲಿ ಎಂಟು ಇಲ್ಲದಿರುವುದನ್ನು ಕಂಡು, ಹಿಂದಿನ ಪ್ರತಿಕಾರನು ಮರೆತನೆಂದು ಭಾವಿಸಿ, ಸದುದ್ದೇಶದಿಂದಲೇ ಒಂದು 8ನ್ನು ಸೇರಿಸುವ ಲಿಪಿಕಾರನನ್ನು ಊಹಿಸುವುದು ಕಷ್ಟವಲ್ಲ. ಆಗ 9ರಿಂದ ಗುಣಿಸಿದ ಫಲವು 1111111101 ಆಗಿ, ಹಾರದ ಕೊನೆಯಲ್ಲಿ ಒಂದು ಮಣಿ ಕಳಚಿಹೋಗಿರುತ್ತದೆ. ಎಂಟಿಲ್ಲದ ಪಾಠವೇ ಆಚಾರ್ಯನ ಪಾಠ. ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸಂದರ್ಭವಿದೆ. ಗ್ರಂಥದಲ್ಲಿ 7ರಿಂದ ಗುಣಿಸಬೇಕಾದ ಎರಡು ಗುಣ್ಯಗಳು ಬರುತ್ತವೆ: 14287143 ಮತ್ತು 142857143. ನಡುವಣ ಒಂದು 5ರ ಹೊರತು ಇವೆರಡಕ್ಕೂ ಭೇದವಿಲ್ಲ. ಎರಡನ್ನೂ ಬಲ್ಲದ ಲಿಪಿಕಾರನು ಒಂದನ್ನು ಇನ್ನೊಂದರ ಅಪಪಾಠವೆಂದು ತಿಳಿದು ತಿದ್ದಿಬಿಡಬಹುದು. ಗುಣಿಸಿ ನೋಡಿದರೆ ಮೊದಲನೆಯದರಿಂದ 100010001, ಎರಡನೆಯದರಿಂದ 1000000001 ದೊರೆಯುತ್ತದೆ. ಎರಡೂ ಹಾರಗಳೇ, ಎರಡೂ ಶುದ್ಧಪಾಠಗಳೇ. ಪಾಠಾಂತರಗಳನ್ನು ಪ್ರತಿಗಳ ಪ್ರಾಚೀನತೆಯಿಂದಲೂ ಸಂಖ್ಯಾಬಲದಿಂದಲೂ ತೂಗುವ ರೂಢಿಯು ಇಲ್ಲಿ ಸಾಲದು. ಬಳಪವನ್ನು ಹಿಡಿದು ಲೆಕ್ಕವನ್ನು ಮಾಡಿಯೇ ನೋಡಬೇಕು.

ಸಂಖ್ಯೆಗಳನ್ನು ಅಂಕಗಳಿಂದ ಬರೆಯದೆ ಪದಗಳಿಂದ ಸೂಚಿಸುವ ಭೂತಸಂಖ್ಯಾಪದ್ಧತಿಯು ಈ ಅಪಾಯಕ್ಕೆ ಪೂರ್ವಿಕರು ಕಂಡುಕೊಂಡ ಪರಿಹಾರ. ಪದವು ಛಂದಸ್ಸಿನೊಳಗೆ ಕುಳಿತಿರುವುದರಿಂದ ಸುಲಭವಾಗಿ ಕದಲುವುದಿಲ್ಲ. ಮಹಾವೀರಾಚಾರ್ಯನಲ್ಲಿ ಇದು ಬೇರೊಂದು ಕಷ್ಟವನ್ನು ತಂದೊಡ್ಡುತ್ತದೆ. ಚಂದ್ರ, ನೇತ್ರ, ಅಗ್ನಿ ಮುಂತಾದ ಸರ್ವಸಾಮಾನ್ಯ ಪದಗಳೊಡನೆ ಅವನು ಜೈನಪರಿಭಾಷೆಯ ಪದಗಳನ್ನೂ ಬಳಸುತ್ತಾನೆ. ದ್ರವ್ಯವೆಂದರೆ ಆರು, ತತ್ತ್ವವೆಂದರೆ ಏಳು, ಕರ್ಮವೆಂದರೆ ಎಂಟು, ಪದಾರ್ಥವೆಂದರೆ ಒಂಬತ್ತು ಎಂಬುದು ಶ್ರಾವಕರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಸಾಂಖ್ಯವನ್ನು ಓದಿದವನಿಗೆ ತತ್ತ್ವಗಳು ಇಪ್ಪತ್ತೈದು. ವೈಶೇಷಿಕನಿಗೆ ಪದಾರ್ಥಗಳು ಏಳು. ರತ್ನವೆಂದೊಡನೆ ಒಬ್ಬನು ಒಂಬತ್ತನ್ನೂ ಇನ್ನೊಬ್ಬನು ಹದಿನಾಲ್ಕನ್ನೂ ಎಣಿಸಿದರೆ ಜೈನನು ಎಣಿಸುವುದು ಮೂರನ್ನು. ಹೀಗೆ ಒಂದೇ ಪದ್ಯವು ಓದುಗನ ಮತಸಂಸ್ಕಾರವನ್ನು ಅನುಸರಿಸಿ ಬೇರೆ ಬೇರೆ ಸಂಖ್ಯೆಗಳನ್ನು ಕೊಡುವ ಸಂಭವವಿದೆ. ಗಣಿತವು ಸರ್ವಮತಸಾಧಾರಣವಾದರೂ ಗಣಿತಗ್ರಂಥದ ಭಾಷೆಯು ಹಾಗಲ್ಲ. ಈ ಕೃತಿಯ ಪರಿಷ್ಕರಣದಲ್ಲಿ ಗಣಿತಜ್ಞನೊಬ್ಬನೇ ಆಗಲಿ ಆಗಮಪಂಡಿತನೊಬ್ಬನೇ ಆಗಲಿ ಕೆಲಸವನ್ನು ಪೂರ್ತಿಯಾಗಿ ಮಾಡಲಾರನು. ಇಬ್ಬರೂ ಒಂದೇ ಓಲೆಯ ಮುಂದೆ ಕುಳಿತುಕೊಳ್ಳಬೇಕು. ಹಾಗೆ ಕುಳಿತದ್ದು ವಿರಳವೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಪ್ರಕೀರ್ಣಕ ವ್ಯವಹಾರಕ್ಕೆ ಬಂದೊಡನೆ ಓದುಗನ ವಯಸ್ಸು ಏರುತ್ತದೆ. ಅರಣ್ಯದಲ್ಲಿ ಒಂಟೆಗಳ ಹಿಂಡಿನ ಕಾಲುಭಾಗ; ಹಿಂಡಿನ ವರ್ಗಮೂಲದ ಇಮ್ಮಡಿ ಬೆಟ್ಟದ ತಪ್ಪಲಲ್ಲಿ; ಐದರ ಮೂರರಷ್ಟು ಹೊಳೆಯ ದಡದಲ್ಲಿ; ಹಿಂಡು ಎಷ್ಟು? 9, 12, 15 ಸೇರಿ 36 ಎಂಬ ಉತ್ತರವನ್ನು ಸೂತ್ರದಿಂದ ತೆಗೆಯಲು ಪ್ರೌಢಿಮೆ ಬೇಕಾದರೂ, ಪ್ರಶ್ನೆಯನ್ನು ಕೇಳಿ ಬೆರಳೆಣಿಸುತ್ತ ಊಹಿಸಲು ಹುಡುಗನಿಗೂ ಸಾಧ್ಯ. ಆನೆ, ನವಿಲು, ದುಂಬಿ, ಹಂಸಗಳ ಲೆಕ್ಕಗಳೂ ಹೀಗೆಯೇ. ಹರಿದ ಮುತ್ತಿನ ಹಾರದ ಲೆಕ್ಕವು ಹಾಗಲ್ಲ. ಪ್ರಣಯಕಲಹದಲ್ಲಿ ಹಾರವು ಹರಿದು ಮೂರರಲ್ಲೊಂದು ಪಾಲು ದಾಸಿಯ ಬಳಿಗೂ, ಆರರಲ್ಲೊಂದು ಪಾಲು ಹಾಸಿಗೆಯ ಮೇಲೂ ಬೀಳುತ್ತದೆ. ಉಳಿದುದರ ಅರ್ಧ, ಅದರಲ್ಲಿ ಉಳಿದುದರ ಅರ್ಧ, ಹೀಗೆ ಆರು ಸಲ ಚದುರಿಹೋಗಿ, ಕೊನೆಗೆ 1161 ಮುತ್ತುಗಳು ಮಾತ್ರ ದಾರದಲ್ಲಿ ನಿಲ್ಲುತ್ತವೆ. ಮೊದಲೆರಡು ಪಾಲುಗಳು ಸೇರಿ ಅರ್ಧವಾಗುವುದರಿಂದ ಮಿಕ್ಕ ಅರ್ಧವು ಆರು ಸಲ ಅರ್ಧಗೊಂಡು ಒಟ್ಟಿನ 128ರಲ್ಲೊಂದು ಭಾಗವಾಗುತ್ತದೆ, ಮುತ್ತುಗಳು 148608. ಅಷ್ಟನ್ನು ಹೊತ್ತ ಕೊರಳಿಗೆ ಹಾರವು ಹರಿದುದು ಉಪಕಾರವೇ ಆಯಿತೆನ್ನಬೇಕು. ಈ ಶೃಂಗಾರವನ್ನು ಕಂಡು ಮಹಾವೀರಾಚಾರ್ಯನ ವೈರಾಗ್ಯವನ್ನು ಶಂಕಿಸುವುದು ಅನಾವಶ್ಯಕ. ಪುರಾಣಕಾರರಾದ ಆಚಾರ್ಯರು ವಸಂತವರ್ಣನೆಯನ್ನೂ ಜಲಕ್ರೀಡೆಯನ್ನೂ ಬಿಟ್ಟವರಲ್ಲ. ಕಾವ್ಯದ ರುಚಿಯುಳ್ಳ ಗೃಹಸ್ಥನನ್ನು ಭಿನ್ನರಾಶಿಗಳ ಮುಂದೆ ಕೂರಿಸಲು ಇದಕ್ಕಿಂತ ಸಮರ್ಪಕವಾದ ಉಪಾಯವು ಇದ್ದಂತೆಯೂ ತೋರುವುದಿಲ್ಲ.

ಮಿಶ್ರಕ ವ್ಯವಹಾರದಲ್ಲಿ ಬರುವ ಹಣದ ಚೀಲದ ಲೆಕ್ಕವು ಗೋಷ್ಠಿಗೆ ಯೋಗ್ಯವಾದುದು. ದಾರಿಯಲ್ಲಿ ಚೀಲವೊಂದನ್ನು ಕಂಡ ಮೂವರು ವರ್ತಕರಲ್ಲಿ ಮೊದಲನೆಯವನು, ಅದು ತನಗೆ ದಕ್ಕಿದರೆ ತಾನು ಉಳಿದಿಬ್ಬರ ಒಟ್ಟು ಹಣದ ಇಮ್ಮಡಿಗೆ ಒಡೆಯನಾಗುವೆನೆನ್ನುತ್ತಾನೆ, ಎರಡನೆಯವನು ಮುಮ್ಮಡಿಯೆನ್ನುತ್ತಾನೆ, ಮೂರನೆಯವನು ಐದು ಮಡಿಯೆನ್ನುತ್ತಾನೆ. ಚೀಲದಲ್ಲಿ 15, ಅವರ ಕೈಯಲ್ಲಿ ಕ್ರಮವಾಗಿ 1, 3, 5 ಎಂದಿಟ್ಟುಕೊಂಡರೆ ಮೂವರ ಮಾತೂ ನಿಲ್ಲುತ್ತದೆ. ಆದರೆ ಇವೆಲ್ಲವನ್ನೂ ಇಮ್ಮಡಿಗೊಳಿಸಿದರೂ, ಮುಮ್ಮಡಿಗೊಳಿಸಿದರೂ ಮಾತು ನಿಲ್ಲುತ್ತದೆ. ಒಂದು ಪ್ರಶ್ನೆಗೆ ಉತ್ತರಗಳು ಅನೇಕವಾಗಿರಬಹುದೆಂಬ ಈ ಸಂಗತಿಯು ಒಬ್ಬನೇ ಕುಳಿತು ಲೆಕ್ಕ ಮಾಡುವವನಿಗಿಂತ ನಾಲ್ವರು ಕೂಡಿ ವಾದಿಸುವವರಿಗೆ ಬೇಗ ಹೊಳೆಯುತ್ತದೆ.

ಗ್ರಂಥದ ದೋಷವನ್ನೂ ಇಲ್ಲಿ ಹೇಳಬೇಕು. ಸೊನ್ನೆಯಿಂದ ಭಾಗಿಸಿದ ರಾಶಿಯು ಬದಲಾಗದೆ ಉಳಿಯುತ್ತದೆಂದು ಆಚಾರ್ಯನು ಹೇಳಿರುವುದು ಸರಿಯಲ್ಲ. ಬ್ರಹ್ಮಗುಪ್ತನು 628ರಲ್ಲಿಯೇ ಅಂತಹ ರಾಶಿಯನ್ನು ಬೇರೆಯಾಗಿ ಹೆಸರಿಸಿ ಬಿಟ್ಟಿದ್ದನು. ಅದೇ ಸಂಜ್ಞಾಧಿಕಾರದಲ್ಲಿ, ಋಣರಾಶಿಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಹೇಳಿರುವುದಾದರೋ ಅವನ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಸಾಧರ್ಮಿಕಾಭಿಮಾನದಿಂದ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ಮಾತ್ರ ಮೆರೆಯಿಸುವ ಲೇಖನಗಳು ಆಗಾಗ ಕಾಣಿಸುವುದು ವಿಷಾದಕರ. ಗಣಕನಿಗಿರಬೇಕಾದ ಎಂಟು ಗುಣಗಳಲ್ಲಿ ಊಹದೊಡನೆ ಅಪೋಹವನ್ನೂ ಆಚಾರ್ಯನೇ ಎಣಿಸಿದ್ದಾನೆ. ತಪ್ಪನ್ನು ತಪ್ಪೆಂದು ತಳ್ಳುವುದೂ ಗಣಕನ ಗುಣವೇ.

ಸಂಸ್ಕೃತದ ಈ ಗ್ರಂಥವು ದೇಶಭಾಷೆಗಳ ಓದುಗರನ್ನು ಮುಟ್ಟಿದುದು ಟೀಕೆ ಮತ್ತು ಅನುವಾದಗಳ ಮೂಲಕ. 11ನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ವಲ್ಲಭನ ಟೀಕೆಯಿದೆ. ಆದರೆ ಕನ್ನಡದಲ್ಲಿ ಗಣಿತವನ್ನು ಸ್ವತಂತ್ರವಾದ ಓದಾಗಿ ಮಾಡಿದವನು ರಾಜಾದಿತ್ಯ. 12ನೆಯ ಶತಮಾನದವನಾದ ಈ ಜೈನಕವಿಯು ಪೂವಿನಬಾಗೆಯವನು, ಶುಭಚಂದ್ರದೇವರ ಶಿಷ್ಯನು. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬ ಆರು ಕೃತಿಗಳು ಅವನ ಹೆಸರಿನಲ್ಲಿವೆ. ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯಲ್ಲಿ ಇವನ್ನು ಪರಿಚಯಿಸಿ ನೂರು ವರ್ಷಗಳೇ ಸಂದುವು. ಇವುಗಳಲ್ಲಿ ವ್ಯವಹಾರಗಣಿತಕ್ಕೆ ದೊರೆತ ಗಮನವು ಉಳಿದವುಗಳಿಗೆ ದೊರೆತಿಲ್ಲ.

ವ್ಯವಹಾರಗಣಿತವು ಗದ್ಯಪದ್ಯಾತ್ಮಕ. ಸೂತ್ರವು ಪದ್ಯದಲ್ಲಿ, ಅದರ ವಿವರಣೆ ಗದ್ಯದಲ್ಲಿ, ಜತೆಗೆ ಉದಾಹರಣೆ. ಸಹಜ ಮತ್ತು ವ್ಯಸ್ತ ತ್ರೈರಾಶಿಗಳಿಂದ ಹೊರಟು ಪಂಚರಾಶಿ, ಸಪ್ತರಾಶಿ, ನವರಾಶಿಗಳವರೆಗೆ ವಿಷಯವು ಬೆಳೆಯುತ್ತದೆ. ಅಧ್ಯಾಯಕ್ಕೆ ಕವಿಯು ಇಟ್ಟಿರುವ ಹೆಸರು ಹಾರ. ಗಣಿತದಲ್ಲಿ ಹಾರವೆಂದರೆ ಭಾಜಕವೂ ಹೌದು. ಮಹಾವೀರಾಚಾರ್ಯನ ಕಂಠಾಭರಣಗಳನ್ನು ಬಲ್ಲವನಿಗೆ ಈ ಹೆಸರು ಬೇರೊಂದು ರೀತಿಯಲ್ಲಿಯೂ ಕೇಳಿಸುತ್ತದೆ. ಓದಿನ ದೃಷ್ಟಿಯಿಂದ ಮುಖ್ಯವಾದುದು ಆ ಗದ್ಯ. ಪದ್ಯವನ್ನು ಹುಡುಗನು ಬಾಯಿಪಾಠ ಮಾಡುತ್ತಾನೆ. ಗದ್ಯವನ್ನು ದೊಡ್ಡವನು ಓದಿ ಹೇಳುತ್ತಾನೆ. ಒಂದೇ ಗರಿಯ ಮೇಲೆ ಎರಡು ವಯಸ್ಸಿನವರಿಗೆ ಬೇಕಾದುದು ಇರುವಂತೆ ಯೋಜಿಸಿದ ಈ ಕ್ರಮವು ವೀಸ, ಹಾಗ, ಅಡ್ಡ, ಹಣಗಳ ಲೆಕ್ಕದಲ್ಲಿ ಮುಳುಗಿದ್ದ ವರ್ತಕರ ಮನೆಗಳಿಗೆ ಒದಗಿಬಂದಿರಬೇಕು.

ಇನ್ನು ಪ್ರೌಢರ ಓದಿನ ತುದಿಯು ಕರಣಾನುಯೋಗ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರವನ್ನು ಕೈಗೆತ್ತಿಕೊಂಡ ಶ್ರಾವಕನಿಗೆ ಸಂಖ್ಯಾಧಾರೆಗಳೂ ದ್ವೀಪಸಮುದ್ರಗಳ ವ್ಯಾಸ, ಪರಿಧಿ, ಕ್ಷೇತ್ರಫಲಗಳೂ ಎದುರಾಗುತ್ತವೆ. ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ಬರೆದ ಕನ್ನಡ ವೃತ್ತಿಯಲ್ಲಿ ಸಂದೃಷ್ಟಿಗಳು, ಎಂದರೆ ರಾಶಿಗಳನ್ನು ಸೂಚಿಸುವ ಚಿಹ್ನೆಗಳು, ಹೆಜ್ಜೆಹೆಜ್ಜೆಗೂ ಬರುತ್ತವೆ. ಈ ಪರಂಪರೆಯನ್ನು 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಮುಂದುವರಿಸಿ, ಅರ್ಥಸಂದೃಷ್ಟಿಗೆಂದೇ ಬೇರೊಂದು ಭಾಗವನ್ನು ಬರೆಯಬೇಕಾಯಿತು. ಜಿನಾಲಯದ ತಾವರೆಗಳನ್ನೆಣಿಸಿದ ಹುಡುಗನು ಮುಂದೆ ಲೋಕದ ರಜ್ಜುಗಳನ್ನೆಣಿಸಬೇಕು. ನಡುವೆ ಗಣಿತಸಾರಸಂಗ್ರಹದಂತಹ ಸೇತುವೆಯಿಲ್ಲದೆ ಆ ದಡವನ್ನು ಮುಟ್ಟಲಾಗದು. ಸ್ವಾಧ್ಯಾಯದಲ್ಲಿ ಪ್ರಥಮಾನುಯೋಗವು ಮನೆಮನೆಗೂ ಹಬ್ಬಿ ಕರಣಾನುಯೋಗವು ಕೆಲವೇ ಪಂಡಿತರಲ್ಲಿ ಉಳಿದುಕೊಂಡುದಕ್ಕೆ ಈ ಸೇತುವೆಯು ಶಿಥಿಲವಾದುದೂ ಒಂದು ಕಾರಣವೆಂದು ತೋರುತ್ತದೆ.

ಗ್ರಂಥದ ಪುನರುದ್ಧಾರದ ಚರಿತ್ರೆಯು ಚಿಕ್ಕದು. ಮದರಾಸಿನ ಸರ್ಕಾರಿ ಪ್ರಾಚ್ಯಹಸ್ತಪ್ರತಿ ಭಂಡಾರದಲ್ಲಿದ್ದ ಪ್ರತಿಗಳು ಅಪೂರ್ಣವಾಗಿದ್ದುದರಿಂದ ಪ್ರೊ. ಎಂ. ರಂಗಾಚಾರ್ಯರು ಮೈಸೂರು ಮತ್ತು ಮೂಡಬಿದಿರೆಗಳಿಂದಲೂ ಪ್ರತಿಗಳನ್ನು ತರಿಸಿ, 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇಡೀ ಕೃತಿಯು ಲೋಕಕ್ಕೆ ದೊರೆತುದರಲ್ಲಿ ಕನ್ನಡ ಲಿಪಿಯ ಓಲೆಗಳ ಪಾತ್ರವು ದೊಡ್ಡದು. 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದವು ಹೊರಬಂದಿತು. ಕರ್ನಾಟಕದಲ್ಲಿ ಹುಟ್ಟಿ ಕನ್ನಡ ಲಿಪಿಯಲ್ಲಿ ಉಳಿದುಬಂದ ಗ್ರಂಥಕ್ಕೆ ಕನ್ನಡ ಅನುವಾದಸಹಿತವಾದ ಆವೃತ್ತಿಯು ದೊರೆತುದು 2000ದಲ್ಲಿ, ಡಾ. ಪದ್ಮಾವತಮ್ಮನವರು ಸಿದ್ಧಪಡಿಸಿದ ಅದನ್ನು ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯು ಪ್ರಕಟಿಸಿತು. ಮೊದಲ ಮುದ್ರಣಕ್ಕೂ ಇದಕ್ಕೂ ನಡುವೆ 88 ವರ್ಷಗಳು. ಅಷ್ಟು ಕಾಲ ಕನ್ನಡದ ಮಕ್ಕಳು ಒಂಟೆಗಳ ಹಿಂಡನ್ನೂ ವರ್ತಕರ ಚೀಲವನ್ನೂ ಓದಬೇಕಾಗಿದ್ದರೆ ಇಂಗ್ಲಿಷನ್ನೋ ಹಿಂದಿಯನ್ನೋ ಆಶ್ರಯಿಸಬೇಕಾಗಿತ್ತು.

ಭಂಡಾರಗಳಲ್ಲಿ ಇನ್ನೂ ಉಳಿದಿರುವ ಕೆಲಸವು ಬೇರೆ ಬಗೆಯದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ತಾಡಪತ್ರಗಳ ಸೂಚಿಯನ್ನು 1948ರಲ್ಲಿ ಪ್ರಕಟಿಸಿ ದಾರಿಯನ್ನು ತೋರಿಸಿದರು. ಅಂತಹ ಸೂಚಿಗಳು ಆದ್ಯಂತಗಳುಳ್ಳ ಗ್ರಂಥಗಳನ್ನು ಗುರುತಿಸುತ್ತವೆ. ಕಟ್ಟಿನಿಂದ ಕಳಚಿಬಿದ್ದ, ಮಂಗಳಪದ್ಯವಾಗಲಿ ಪುಷ್ಪಿಕೆಯಾಗಲಿ ಇಲ್ಲದ, ಬರಿಯ ಅಂಕಗಳಿಂದ ತುಂಬಿದ ಗರಿಗಳನ್ನು ಲೆಕ್ಕದ ಓಲೆಗಳೆಂದು ಬದಿಗಿರಿಸುವುದು ರೂಢಿ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದ ಬಟ್ಟೆಯ ಕಡತಗಳ ಗತಿಯಂತೂ ಇನ್ನೂ ಕಷ್ಟದ್ದು. ಬಳಪದ ಬರೆಹವು ಒಂದು ಸಲ ಒರಸಿದರೆ ಹೋಗುತ್ತದೆ. ಕವಿಯ ಹೆಸರಿಲ್ಲದ ಕಾವ್ಯದ ಒಂಟಿ ಗರಿಯನ್ನು ವರ್ಷಗಟ್ಟಲೆ ಕಾಪಾಡಿಕೊಳ್ಳುವವರು ಅಂಕಗಳ ಗರಿಯನ್ನು ಹಾಗೆ ಕಾಣುವುದಿಲ್ಲ. ಆದರೆ ಅಂತಹ ಗರಿಯನ್ನು ಗುರುತಿಸುವುದು ಕಾವ್ಯದ ಗರಿಯನ್ನು ಗುರುತಿಸುವುದಕ್ಕಿಂತ ಸುಲಭ. 152207 ಎಂಬ ಸಂಖ್ಯೆಯೂ ಅದರ ಬಳಿ 73 ಎಂಬುದೂ ಕಂಡರೆ ಅದು ಯಾವ ಅಧಿಕಾರದ ಗರಿಯೆಂಬುದಕ್ಕೆ ಬೇರೆ ಸಾಕ್ಷಿಯು ಬೇಡ. ತೂತಿನ ಅಂಚಿನಲ್ಲಿ ಒಂದೆರಡು ಅಂಕಗಳು ಮುರಿದುಹೋಗಿದ್ದರೂ ಎಂಟು ಒಂದುಗಳಿಂದ ಹಿಂದಕ್ಕೆ ಭಾಗಿಸಿ ಅವನ್ನು ತುಂಬಿಕೊಳ್ಳಬಹುದು.